ಎಲ್ಲ ಹಸಿರಾದ ಮೇಲೆ

ಆ ಪ್ರಬಂಧವನ್ನು ಬರೆದವಳು ಅವಳೇ, ಯಾರೂ ಕೈ ಹಿಡಿದು ಬರೆಸಿರಲಿಲ್ಲ. ಹಾಗಿರುವಾಗ ಬೈಯುವುದಾದರೂ ಯಾರನ್ನು? ಮಕ್ಕಳು ಪಾಠದಲ್ಲಿ ಮನಸ್ಸಿಡುವುದಿಲ್ಲ ಎಂದು ಗೋಳಾಡುವ ಮೇಷ್ಟ್ರುಗಳು ಸೀಮೆಸುಣ್ಣ ಬಿಟ್ಟು ಪರದೆ ಹಿಡಿಯಲಿ, ತಂತ್ರಜ್ಞಾನವು ಮಕ್ಕಳನ್ನು ಪಾಠಕ್ಕೆ ಕಟ್ಟಿಹಾಕುತ್ತದೆ ಎಂದು ನಾಳೆಯ ಶಿಕ್ಷಕಿಯ ಹುರುಪಿನಲ್ಲಿ ಪುಟಗಟ್ಟಲೆ ಗೀಚಿದ್ದಳು. ತರಬೇತಿ ಕಾಲೇಜಿನವರು ಅದನ್ನು ಗಾಜಿನ ನೋಟೀಸು ಬೋರ್ಡಿನಲ್ಲಿ ಹಾಕಿ ಬೀಗ ಜಡಿದರು. ಪ್ರಿನ್ಸಿಪಾಲರು ಖುದ್ದಾಗಿ ಕರೆದು, "ಇಷ್ಟು ನಂಬಿಕೆ ಇರೋರೇ ಬೇಕಮ್ಮ ನಮಗೆ. ನಿನ್ನ ಕೊನೇ ಪರೀಕ್ಷೆ ಪಾಠ ಪರದೆ ಕೋಣೇಲೇ ಆಗ್ಲಿ" ಎಂದರು. ಬೇಡ ಎನ್ನಲು ಬಾಯಿ ಎಲ್ಲಿತ್ತು?

ನಿಜ ಹೇಳಬೇಕೆಂದರೆ ಆ ಪ್ರಬಂಧದಲ್ಲಿ ಅರ್ಧ ನಂಬಿಕೆ, ಅರ್ಧ ಹೊಟ್ಟೆಯುರಿ. ಹಿಂದಿನ ವರ್ಷ ಇದೇ ಪರೀಕ್ಷೆಯಲ್ಲಿ ಸೀಮೆಸುಣ್ಣ ಹಿಡಿದು ಪಾಠ ಮಾಡಿ ಮುಗ್ಗರಿಸಿದ್ದಳು. ಅವಳು ಬೋರ್ಡಿನ ಕಡೆ ತಿರುಗಿದ್ದಾಗ ಹಿಂದಿನ ಬೆಂಚಿನವರು ಡೆಸ್ಕಿನಡಿ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿಯುವ ಆಟದಲ್ಲಿ ಮುಳುಗಿದ್ದರು. ಪರೀಕ್ಷಕಿ 'ಮಕ್ಕಳು ಪಾಠದಲ್ಲಿ ತೊಡಗಿಕೊಂಡಿಲ್ಲ' ಎಂದು ಬರೆದು ಎದ್ದು ಹೋದರು. ನಲ್ಲಿ, ಬೀಗ, ಮೊಳೆ ಮಾರುವ ಅಣ್ಣ ಅಂದೇ ಹೇಳಿದ್ದ: "ಇನ್ನೊಂದು ಸಲ ನೋಡು. ಅದೂ ಆಗ್ಲಿಲ್ಲ ಅಂದ್ರೆ ಅಂಗಡೀಲಿ ಬಂದು ಕೂತ್ಕೊ. ನಾನೇನು ಬೈತಿಲ್ಲಮ್ಮ, ಇರೋದನ್ನ ಹೇಳ್ತಿದೀನಿ."

ಅಂಗಡಿಯ ಗಲ್ಲಾದ ಹಿಂದೆ ಒಂದು ಸ್ಟೂಲು ಹಿಡಿಯುವಷ್ಟು ಜಾಗ. ಎದ್ದರೆ ತಲೆಗೆ ಪೈಪು ಬಡಿಯುತ್ತದೆ. ರಜೆಗಳಲ್ಲಿ ಅಲ್ಲಿ ಕೂತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವಿಡೀ ಆ ಸ್ಟೂಲಿನ ಮೇಲೆ ಕೂತಂತೆ ಕನಸು ಬಿದ್ದು ಬೆವತು ಎದ್ದದ್ದೂ ಉಂಟು.

ಪರದೆ ಕೋಣೆ ಎಂದರೆ, ಪರೀಕ್ಷೆಗೆ ಮೊದಲು ಅಭ್ಯಾಸಕ್ಕೆಂದು ಅವಳನ್ನು ಹಾಕಿದ ಶಾಲೆಯ ಹೆಮ್ಮೆ. ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದು ಅಂಚಿಗೆ ಮೊಳೆ ಹೊಡೆದಿದ್ದರು. ಒಂಚೂರು ಬಿಸಿಲು ಬಿದ್ದರೂ ಪರದೆ ಮಂಕಾಗುತ್ತಿತ್ತಂತೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಹೊಸ ಪ್ಲಾಸ್ಟಿಕ್ಕಿನ, ಮಕ್ಕಳ ಕಾಲುಚೀಲದ ವಾಸನೆ. ಗೋಡೆಯಗಲದ ಪರದೆ, ಪ್ರತಿ ಮಗುವಿನ ಮುಂದೊಂದು ಟ್ಯಾಬು, ಟ್ಯಾಬಿನಲ್ಲಿ 'ಅರ್ಥವಾಯಿತು' ಎಂಬ ಗುಂಡಿ. ಒತ್ತಿದರೆ ಪರದೆಯ ಮೂಲೆಯಲ್ಲಿ ಆ ಮಗುವಿನ ಕೆಂಪು ಚುಕ್ಕಿ ಹಸಿರಾಗುತ್ತದೆ. ಎಲ್ಲ ಚುಕ್ಕಿಗಳೂ ಹಸಿರಾಗುವ ತನಕ ಪಾಠ ಮುಂದಿನ ಚಿತ್ರಕ್ಕೆ ಹೋಗುವುದಿಲ್ಲ. ಟೀಚರು ಕೈಮುಗಿದರೂ ಹೋಗುವುದಿಲ್ಲ. ಒಂದು ಮಗುವನ್ನೂ ಕೈಬಿಡಬಾರದೆಂದು ಯಾರೋ ಪುಣ್ಯಾತ್ಮರು ಹಾಗೆ ಮಾಡಿಟ್ಟಿದ್ದರು.

ಮಕ್ಕಳೇನು ಕಡಿಮೆಯೇ? ಚಿತ್ರ ಮೂಡುವ ಮೊದಲೇ ಗುಂಡಿ ಒತ್ತಿ ಕೈಕಟ್ಟಿ ಕೂರುವುದನ್ನು ಕಲಿತುಬಿಟ್ಟಿದ್ದರು. ಬೇಗ ಹಸಿರಾದರೆ ಬೇಗ ಬಿಡುಗಡೆ. ಒಬ್ಬ ಮೊಣಕೈಯಲ್ಲಿ ಒತ್ತುತ್ತಿದ್ದ, ಇನ್ನೊಬ್ಬಳು ಮೂಗಿನ ತುದಿಯಲ್ಲಿ. ಇದನ್ನು ಕಂಡು ಅವಳಿಗೆ ತಾನು ಬರೆದ ಪ್ರಬಂಧದ ಒಂದೊಂದು ಸಾಲೂ ನೆನಪಾಗಿ ಮೈಯೆಲ್ಲ ಮುಜುಗರವಾಯಿತು. ಕಟ್ಟಿಹಾಕುತ್ತದೆ ಅಂದಿದ್ದಳಲ್ಲ, ಇಲ್ಲಿ ಯಾವ ಮಗುವೂ ಆ ಕಟ್ಟಿನಲ್ಲಿ ಸಿಕ್ಕಿರಲಿಲ್ಲ. ಸಿಕ್ಕಿದ್ದವಳು ಅವಳೊಬ್ಬಳೇ.

ಮಕ್ಕಳು ಅವಳನ್ನು ಹೊಸ ಮಿಸ್ ಎನ್ನುತ್ತಿದ್ದರು. ಆ ತರಗತಿಯ ಖಾಯಂ ಟೀಚರು ದೊಡ್ಡ ಮಿಸ್. ಮೊದಲ ದಿನವೇ ಹೊಸ ಮಿಸ್ ಹೇಳಿದ್ದಳು: "ನೋಡ್ರಪ್ಪ, ನಿಜವಾಗ್ಲೂ ಅರ್ಥ ಆದ್ರೆ ಮಾತ್ರ ಒತ್ತಿ. ಅರ್ಥ ಆಗದೆ ಒತ್ತಿದ್ರೆ ಅದು ಸುಳ್ಳು ಹೇಳಿದ ಹಾಗೆ."

ತರಗತಿ ಕಿಸಕ್ಕೆಂದಿತು. ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ಜಡೆಯಲ್ಲಿ ಒಂದು ಸದಾ ಬಿಚ್ಚಿಕೊಂಡಿರುವ ಹುಡುಗಿ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುವ ಅವಳಿಗೆ ಯಾಕಮ್ಮ ಎಂದೇ ಹೆಸರು ಬಿದ್ದಿತ್ತು.

"ಒತ್ತದೆ ಇದ್ರೆ ಬೈಯಲ್ವಾ ಮಿಸ್?"

"ಬೈಯಲ್ಲ."

"ದೊಡ್ಡ ಮಿಸ್ ಬೈದ್ರೆ?"

"ನಾನಿದೀನಲ್ಲ."

ಅಷ್ಟೇ ಸಾಕಾಯಿತು. ಮಿಕ್ಕವರು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಯಾಕಮ್ಮ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು. ಅಂದಿನಿಂದ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ ಜಪ್ಪಯ್ಯ ಅಂದರೂ ಕದಲದೆ ಉಳಿಯತೊಡಗಿತು. ಹೊಸ ಮಿಸ್ ಅವಳ ಡೆಸ್ಕಿನ ಪಕ್ಕ ಕೂತು ಇನ್ನೊಂದು ರೀತಿಯಲ್ಲಿ ಹೇಳುವಳು, ಆಗದಿದ್ದರೆ ಮತ್ತೊಂದು ರೀತಿ. ಕೊನೆಗೆ ಹುಡುಗಿ ಹುಬ್ಬು ಸಡಿಲಿಸಿ, "ಹಾಂ..." ಎಂದು ಉದ್ದಕ್ಕೆ ಎಳೆದು ಹೆಬ್ಬೆರಳಿನಿಂದ ಗುಂಡಿ ಅದುಮುತ್ತಿದ್ದಳು. ಆ "ಹಾಂ" ಕೇಳಿದಾಗ ಹೊಸ ಮಿಸ್‌ಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ಇದಕ್ಕೇ ತಾನು ಈ ಕೆಲಸಕ್ಕೆ ಬಂದದ್ದು ಅನಿಸಿಬಿಡುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ದೊಡ್ಡ ಮಿಸ್ ಚಹಾದ ಲೋಟ ತೊಳೆಯುತ್ತ, "ನಾಳೆ ಆ ಯಾಕಮ್ಮನ್ನ ಲೈಬ್ರರಿಗೆ ಕಳಿಸ್ಬಿಡಿ" ಎಂದರು. "ಪುಸ್ತಕಕ್ಕೆ ಚೀಟಿ ಅಂಟಿಸೋ ಕೆಲಸ ಇದೆ ಅನ್ನಿ. ಇನ್ಸ್‌ಪೆಕ್ಷನ್ ಇದ್ದಾಗ ನಾವೆಲ್ಲ ಹಾಗೇ ಮಾಡೋದು."

"ಬೇಡ ಮೇಡಂ. ಅವಳೊಬ್ಬಳೇ ಪಾಠ ಕೇಳೋದು. ಅವಳನ್ನೇ ಕಳಿಸಿ ಯಾರಿಗೆ ಪಾಠ ಮಾಡ್ಲಿ?"

"ಪರದೆಗೆ ಮಾಡಿ." ದೊಡ್ಡ ಮಿಸ್ ನಗಲಿಲ್ಲ. "ಬೆಲ್ಲು ಹೊಡೆಯೋದ್ರೊಳಗೆ ಕೊನೇ ಚಿತ್ರ ಬರ್ಲೇಬೇಕು, ಇಲ್ದಿದ್ರೆ ಫೇಲು. ಹೋದ ಸಲ ಒಬ್ಬ ಟ್ರೇನಿ ಪರದೆ ಆಫ್ ಮಾಡಿ ಬಾಯಲ್ಲೇ ಪಾಠ ಮಾಡಿದ. ಚೆನ್ನಾಗೇ ಮಾಡಿದ, ಪಾಪ. ಇವತ್ತಿಗೂ ಟ್ರೇನಿನೇ. ನಿಮ್ಮ ಒಳ್ಳೇದಕ್ಕೆ ಹೇಳಿದೆ, ಆಮೇಲೆ ನಿಮ್ಮಿಷ್ಟ."

ಸಂಜೆ ಮನೆಯ ನಡುಕೋಣೆಯಲ್ಲಿ ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ಕಂದು ಕಾಗದದಲ್ಲಿ ಅಳತೆ ಕತ್ತರಿಸುತ್ತಿದ್ದರು. ಇವಳು ನೆಲದ ಮೇಲೆ ಕೂತು, ಬಿದ್ದ ಕಾಗದದಲ್ಲಿ ಒಂದೇ ಉದ್ದದ ಎರಡು ಪಟ್ಟಿ ಕತ್ತರಿಸಿಕೊಂಡಳು. ನಾಳೆಯ ಪಾಠ ಭಿನ್ನರಾಶಿ. ಒಂದು ಪಟ್ಟಿಯನ್ನು ಮೂರು ಪಾಲಾಗಿ, ಇನ್ನೊಂದನ್ನು ನಾಲ್ಕು ಪಾಲಾಗಿ ಮಡಚಿ ತೋರಿಸಿದರೆ ಎಂಥ ಮೊಂಡು ತಲೆಗೂ ಹತ್ತುತ್ತದೆ. ಆದರೆ ಪರೀಕ್ಷೆಯಲ್ಲಿ ಮಡಚುವುದಕ್ಕೆ ಸಮಯ ಎಲ್ಲಿದೆ? ಇರಲಿ ಎಂದು ಕೈಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ಕಾಲೇಜಿನ ಆನ್‌ಲೈನ್ ಪಾಠವೊಂದು ಫೋನಿನಲ್ಲಿ ಟಿಣ್ ಎಂದಿತು. ಇವಳು ನೋಡದೆಯೇ ಅದರ 'ಓದಿದೆ' ಗುಂಡಿಯನ್ನು ಒತ್ತಿದಳು.

"ಅದೇನೇ, ಅದು ಬಾಯಿ ಬಿಡೋಕ್ ಮುಂಚೆನೇ ಹೂಂ ಅಂತೀಯ?" ಅತ್ತಿಗೆ ಕೇಳಿದರು.

"ಒತ್ತದೆ ಇದ್ರೆ ಬಿಡೋದೇ ಇಲ್ಲ ಅತ್ತಿಗೆ. ತಲೆ ತಿನ್ನುತ್ತೆ."

"ನಿಮ್ಮಣ್ಣನ ಜೊತೆ ನಾನೂ ಹಾಗೇ," ಎಂದರು ಅತ್ತಿಗೆ, ಹಲ್ಲಿನಿಂದ ದಾರ ಕಡಿಯುತ್ತ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅತ್ತಿಗೆ ಕಣ್ಣೆತ್ತದೆ ಅಂದರು: "ನಾಳೆ ಪಾಸಾಗ್ಬಿಡೇ. ಇಬ್ಬರೂ ಇಲ್ಲೇ ಕೊಳೆಯೋದು ಬೇಡ."

ಮರುದಿನ ಪರೀಕ್ಷಕಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತರು. ಹೋದ ವರ್ಷದವರೇ. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಪರದೆಯ ಮೇಲೆ ಎರಡು ವೃತ್ತಗಳು ಸಂಗೀತದೊಂದಿಗೆ ಗಿರಗಿರ ತಿರುಗುತ್ತ ಬಂದು, ಒಂದು ಮೂರು ತುಂಡಾಯಿತು, ಇನ್ನೊಂದು ನಾಲ್ಕು. ಮಕ್ಕಳು ಪಟಪಟ ಒತ್ತಿದರು, ಚುಕ್ಕಿಗಳು ಹಸಿರಾದವು, ಚಿತ್ರದ ಮೇಲೆ ಚಿತ್ರ ಬಂತು. ಯಾಕಮ್ಮನೂ ಒತ್ತುತ್ತಿದ್ದಳು. ಹೊಸ ಮಿಸ್ ಒಳಗೊಳಗೇ ನಿಟ್ಟುಸಿರು ಬಿಟ್ಟಳು.

ಕೊನೆಯದಕ್ಕೆ ಹಿಂದಿನ ಚಿತ್ರದಲ್ಲಿ ಪಾಠ ನಿಂತಿತು. 'ನಾಲ್ಕನೇ ಒಂದು ಭಾಗ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು.' ಎಲ್ಲ ಹಸಿರು, ಒಂದು ಕೆಂಪು.

ಹೊಸ ಮಿಸ್ ಕಾಯುವಷ್ಟು ಕಾದಳು. ಪರೀಕ್ಷಕಿ ಕೈಗಡಿಯಾರ ನೋಡಿಕೊಂಡರು. ಬಾಗಿಲ ಬಳಿ ನಿಂತ ದೊಡ್ಡ ಮಿಸ್ ನೆಲ ನೋಡಿದರು. ಹೊಸ ಮಿಸ್ ಮೂರನೇ ಬೆಂಚಿನ ಹತ್ತಿರ ಹೋಗಿ ಬಗ್ಗಿದಳು.

"ಏನಾಯ್ತು ಪುಟ್ಟಿ?"

"ನಾಲ್ಕು ದೊಡ್ಡದಲ್ವಾ ಮಿಸ್?" ಹುಡುಗಿ ಪಿಸುಗುಟ್ಟಿದಳು. "ಮತ್ತೆ ಅದು ಯಾಕೆ ಚಿಕ್ಕದು? ವೃತ್ತ ತಿರುಗ್ತಾನೇ ಇರುತ್ತೆ, ನೋಡೋಕೇ ಆಗ್ಲಿಲ್ಲ."

ಎಂಥ ಒಳ್ಳೆಯ ಪ್ರಶ್ನೆ! ಇಡೀ ತರಗತಿಯಲ್ಲಿ ಆ ವೃತ್ತಗಳನ್ನು ನಿಜವಾಗಿ ನೋಡಲು ಹೊರಟವಳು ಇವಳೊಬ್ಬಳೇ. ಕಾಗದದ ಪಟ್ಟಿಗಳು ಮೇಜಿನ ಮೇಲಿನ ಚೀಲದಲ್ಲಿದ್ದವು, ಎದ್ದು ಹೋಗಿ ತರಬೇಕು, ಮಡಚಬೇಕು, ಹುಬ್ಬು ಸಡಿಲವಾಗುವ ತನಕ ಕಾಯಬೇಕು. ಬೆಲ್ಲಿಗೆ ಇನ್ನು ಉಸಿರು ಬಿಡುವಷ್ಟೇ ಹೊತ್ತು. ಹೊರಗೆ ಕಾರಿಡಾರಿನಲ್ಲಿ ಬೆಲ್ಲು ಹೊಡೆಯುವವರ ಚಪ್ಪಲಿ ಸದ್ದು ಕೇಳುತ್ತಿತ್ತು. ಅವಳಿಗೆ ಗಲ್ಲಾದ ಹಿಂದಿನ ಸ್ಟೂಲು ಕಂಡಿತು, ತಲೆಗೆ ಬಡಿಯುವ ಪೈಪು ಕಂಡಿತು. ಕರಿಬಟ್ಟೆಯ ಆ ಕೋಣೆಯಲ್ಲಿ ಉಸಿರಾಡಲು ಗಾಳಿಯೇ ಇಲ್ಲ ಅನಿಸಿತು.

"ಒತ್ತು," ಎಂದಳು.

ಹುಡುಗಿ ಕಕ್ಕಾಬಿಕ್ಕಿಯಾಗಿ ಮುಖ ನೋಡಿದಳು. "ಅರ್ಥ ಆಗಿಲ್ಲ ಮಿಸ್."

"ಗೊತ್ತು. ಆಮೇಲೆ ಹೇಳ್ಕೊಡ್ತೀನಿ. ಈಗ ಒತ್ತು."

"ಸುಳ್ಳು ಹೇಳಿದ ಹಾಗೆ ಆಗಲ್ವಾ?"

ಹಿಂದೆ ಪರೀಕ್ಷಕಿಯ ಬೆಂಚು ಕಿರ್ ಎಂದಿತು. ಹೊಸ ಮಿಸ್ ಇನ್ನಷ್ಟು ಬಗ್ಗಿದಳು. ಹುಡುಗಿಯನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಏನಿತ್ತೋ, ಬೇಡಿಕೆಯೋ ಗದರಿಕೆಯೋ, ಅವಳಿಗೂ ತಿಳಿಯಲಿಲ್ಲ. ಯಾಕಮ್ಮ ಟ್ಯಾಬಿನ ಕಡೆ ತಿರುಗಿ ಒತ್ತಿದಳು.

ಪರದೆಯ ಮೇಲೆ ಬಣ್ಣಬಣ್ಣದ ಕಾಗದಚೂರುಗಳು ಉದುರಿದವು. 'ಎಲ್ಲರೂ ಕಲಿತರು!' ಎಂಬ ಅಕ್ಷರಗಳು ಕುಣಿದವು. ಮಕ್ಕಳು ರೂಢಿಯಂತೆ ಚಪ್ಪಾಳೆ ತಟ್ಟಿದರು. ಅದರ ಮೇಲೆಯೇ ಬೆಲ್ಲು ಹೊಡೆಯಿತು.

"ಆ ಒಬ್ಬ ಹುಡುಗಿ ಹತ್ತಿರ ಹೋಗಿ, ಬಗ್ಗಿ, ಮೆತ್ತಗೆ ವಿಚಾರಿಸಿದ್ರಲ್ಲ, ಅದು ನನಗೆ ತುಂಬಾ ಹಿಡಿಸ್ತು," ಎಂದರು ಪರೀಕ್ಷಕಿ ಹೊರಡುವಾಗ. "ಹೋದ ವರ್ಷಕ್ಕೂ ಈ ವರ್ಷಕ್ಕೂ ಅಜಗಜಾಂತರ." ದೊಡ್ಡ ಮಿಸ್ ಅವರನ್ನು ಬೀಳ್ಕೊಟ್ಟು ಬಂದು ಕೋಣೆಯ ಬೀಗದ ಕೈಯನ್ನು ಇವಳ ಅಂಗೈಗೆ ಹಾಕಿದರು. ಮುಂದಿನ ವರ್ಷದಿಂದ ಈ ಕೋಣೆ ನಿಮ್ಮದೇ, ಹೆಡ್‌ಮಾಸ್ಟರು ಒಪ್ಪಿದ್ದಾರೆ ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ಸಂತೋಷವೂ ಇರಲಿಲ್ಲ. ಅತ್ತಿಗೆಗೆ ಫೋನು ಮಾಡಬೇಕಿತ್ತು. ಆದರೆ ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿತ್ತು.

ಯಾಕಮ್ಮ ಚೀಲ ಕಟ್ಟುತ್ತಿದ್ದಳು. ಹೊಸ ಮಿಸ್ ಓಡಿಬಂದವಳಂತೆ ಬೆಂಚಿನಲ್ಲಿ ಪಕ್ಕಕ್ಕೆ ಕೂತು ಎರಡೂ ಪಟ್ಟಿಗಳನ್ನು ಡೆಸ್ಕಿನ ಮೇಲೆ ಹಾಸಿದಳು.

"ಬಾ, ಈಗ ನೋಡೋಣ. ಎರಡೂ ಒಂದೇ ಉದ್ದ ಇದೆ, ಅಲ್ವಾ? ಇದನ್ನ ಮೂರು ಜನಕ್ಕೆ..."

"ಅರ್ಥ ಆಯ್ತು ಮಿಸ್," ಎಂದಳು ಹುಡುಗಿ.

ಹೊಸ ಮಿಸ್ ಪಟ್ಟಿಯನ್ನು ಇನ್ನೂ ಮಡಚಿರಲಿಲ್ಲ.

"ಏನು ಅರ್ಥ ಆಯ್ತು?"

"ಎಲ್ಲ."

"ಹಾಗಾದ್ರೆ ಯಾಕೆ ಚಿಕ್ಕದು, ಹೇಳು ನೋಡೋಣ."

ಹುಡುಗಿ ಪಟ್ಟಿಗಳ ಕಡೆ ನೋಡಲಿಲ್ಲ. ಬೈಯುತ್ತಾರೋ ಇಲ್ಲವೋ ಎಂದು ಅಳೆಯುವಂತೆ ಮಿಸ್ ಮುಖವನ್ನೇ ನೋಡಿದಳು. "ನೀವು ಹೇಳಿದ ಹಾಗೇ ಮಿಸ್."

"ಅರ್ಥ ಆಗದೆ ಇದ್ರೆ ಆಗಿಲ್ಲ ಅನ್ನು ಪುಟ್ಟಿ. ನಾನು ಬೈಯಲ್ಲ. ನಾನಿದೀನಲ್ಲ."

ಆ ಮಾತು ತನ್ನ ಬಾಯಿಂದ ಬಂದ ಕೂಡಲೇ ಅವಳಿಗೆ ನಾಚಿಕೆಯಾಯಿತು. ಯಾಕಮ್ಮ ಮಾತ್ರ ತುಂಬ ಮರ್ಯಾದೆಯಿಂದ ತಲೆಯಾಡಿಸಿದಳು, ತರಗತಿಯ ಉಳಿದ ಮಕ್ಕಳು ಆಡಿಸುವ ಹಾಗೆಯೇ.

"ಅರ್ಥ ಆಯ್ತು ಮಿಸ್. ಹೋಗ್ಲಾ?"