ಒಬ್ಬರ ದೋಣಿಗೆ ಎರಡು ಸೀಟು

ಎರಡು ಸೀಟು — ತಾಡಪತ್ರಿ ಸರಿದ ಕೂಡಲೇ ಕಂಡದ್ದು ಹೊಸ ಬಣ್ಣವಲ್ಲ, ಇನ್ನೂ ಆರದ ರಾಳದ ಘಾಟು ಕೂಡ ಆಮೇಲೆ ಮೂಗಿಗೆ ಬಂತು, ಮೊದಲು ಕಂಡದ್ದು ಎರಡು ಸೀಟು, ಹಿಂದೊಂದು, ಮುಂದೊಂದು, ನಡುವೆ ಬೋಲ್ಟು ಬಿಗಿದು ಕೂರಿಸಿದ, ದೋಣಿ ಹೊರುವ ನೊಗ, ನಾನು ಹೇಳಿದ್ದು ಒಂದು ಸೀಟು, ನಟ್ಟನಡುವೆ, ಒಂದೇ ಒಂದು, ಹುಬ್ಬಳ್ಳಿಯಲ್ಲಿ ಗುಲಾಬಸಾಬನ ಫೈಬರ್ ಕಾರ್ಖಾನೆಯೊಳಗೆ ನೀರಿನ ಟಾಕಿಗಳ ನಡುವೆ ನಿಂತು ಬಿಡಿಸಿ ಬಿಡಿಸಿ ಹೇಳಿದ್ದೆ, ಒಬ್ಬರೇ ನಡೆಸುವ ದೋಣಿಯಲ್ಲಿ ಕೂರುವ ಜಾಗವೂ ಹೊರುವ ಜಾಗವೂ ಒಂದೇ, ತೂಕ ಸಮನಾಗುವ ಆ ಗೇಣಗಲದ ನಡು, ಆದ್ದರಿಂದ ಸೀಟು ಅಲ್ಲಿರಲಿ, ನೊಗ ಕಳಚುವಂತಿರಲಿ, ನೀರಿನಲ್ಲಿ ಅದನ್ನು ಬಿಚ್ಚಿಡುತ್ತೇನೆ, ನೆಲ ಬಂದಾಗ ಕೈಯಿಂದಲೇ ತಿರುಪಿ ಕೂರಿಸಿ ದೋಣಿಯನ್ನು ಮಗುಚಿ ಹೆಗಲಿಗೇರಿಸಿಕೊಂಡು ಹೊರಡುತ್ತೇನೆ — ತಿಳೀತ್ರಿ ಮೇಡಂ ಎಂದಿದ್ದ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು. ಈಗ ಕೆಲಗೇರಿ ಕೆರೆಯ ಏರಿಯ ಬುಡದಲ್ಲಿ ಟೆಂಪೋ ನಿಲ್ಲಿಸಿ ಅದೇ ಪೆನ್ಸಿಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಾನೆ, ಸಾಹೇಬ್ರು ಫೋನ್ ಮಾಡಿದ್ರಲ್ರಿ, ಮುಂದ ಇನ್ನೊಂದು ಸೀಟ್ ಹಾಕ್ರಿ, ನೊಗ ಗಟ್ಟಿ ಬಿಗೀರಿ ಅಂದ್ರು, ನೀವಿಬ್ರೂ ಒಂದ ಮನಿಯವ್ರು, ನಾ ಯಾರ ಮಾತು ಕೇಳ್ಲಿ ಹೇಳ್ರಿ. ದೋಣಿ ಯಾರದೋ ಅವರ ಮಾತು ಕೇಳು, ಮೂರ್ಖ — ಹೇಳಲಿಲ್ಲ, ಏಕೆಂದರೆ ಸಾಹೇಬರು ಟೆಂಪೋದ ಬಾಗಿಲಿಗೆ ಒರಗಿ ನಾನು ಕೂಗಾಡುವುದನ್ನೇ ಕಾಯುತ್ತಿದ್ದಾರೆ, ಸಾಹೇಬರು, ರಾಜರತ್ನ, ನನ್ನ ಗಂಡ, ಮೊಬೈಲನ್ನು ಆಗಲೇ ಕೈಯಲ್ಲಿ ಹಿಡಿದಿದ್ದಾನೆ, ಒಂದು ಸೀಟ್ ಖಾಲಿ ಇದ್ರ ನಿನಗೇನ ತ್ರಾಸು, ಪೂನಮ್, ಅಂತ.

ತ್ರಾಸು ಏನೆಂದು ಇವನಿಗೆ ಗೊತ್ತು, ಚೆನ್ನಾಗಿ ಗೊತ್ತು, ಅದಕ್ಕೇ ಫೋನು ಮಾಡಿದ್ದು. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ ಕೂತರೆ ದೋಣಿಯ ಮೂತಿ ಮೇಲೇಳುತ್ತದೆ, ಎದ್ದ ಮೂತಿಗೆ ಗಾಳಿ ತಾಗಿದರೆ ನಾನೆತ್ತ ಹುಟ್ಟು ಹಾಕಿದರೂ ಅದು ತನಗೆ ಬೇಕಾದತ್ತ ತಿರುಗುತ್ತದೆ, ದಂಡೆಯಲ್ಲಿ ನಿಂತವರು ನಗುತ್ತಾರೆ, ಆಗ ಇವನು ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಬಂದು ನನ್ನನ್ನು ಮುಂದಕ್ಕೆ ಸರಿಸಿ ಹಿಂದೆ ಕೂರುತ್ತಾನೆ, ನೋಡಿದ್ಯಾ, ನಾ ಬೇಕಾದ್ನಿಲ್ಲೋ — ಒಂಬತ್ತು ವರ್ಷ ಹಾಗೆಯೇ ಕೂತಿದ್ದ, ಕಾಳಿ ನದಿಯ ಹಿನ್ನೀರಿನಲ್ಲಿ ಬಾಡಿಗೆ ದೋಣಿ ಹಿಡಿದು ಪ್ರತಿ ಚಳಿಗಾಲವೂ ಹೋಗುತ್ತಿದ್ದೆವು, ನಾನು ಮುಂದೆ, ಇವನು ಹಿಂದೆ, ಮುಂದೆ ಕೂತವಳಿಗೆ ಹಿಂದಿನವನು ಕಾಣುವುದಿಲ್ಲ, ಕೇಳಿಸುವುದು ದನಿ ಮಾತ್ರ, ಎಡಕ್ಕ, ಎಡಕ್ಕ, ಜೋರಾಗಿ ಹಾಕು, ಜೀವಾ ಇಲ್ಲೇನ ಕೈಯಾಗ, ನನ್ನ ತೋಳು ಬಾತುಕೊಳ್ಳುತ್ತಿತ್ತು, ಇಬ್ಬರೂ ದಣಿದಿದ್ದೇವೆ ಎಂದುಕೊಳ್ಳುತ್ತಿದ್ದೆ, ಇಬ್ಬರೂ ಎಂಬ ಆ ಮಾತನ್ನು ನಂಬಿ ರಾತ್ರಿ ಅವನ ಹೆಗಲಿಗೆ ಎಣ್ಣೆ ಕೂಡ ಹಚ್ಚಿದ್ದೇನೆ — ಕಳೆದ ಜನವರಿಯಲ್ಲಿ ನನ್ನ ಕಾಲೇಜಿನ ಗೆಳತಿ ವಿದ್ಯಾ ಅಲ್ಲಿಗೇ ಬಂದವಳು ದಂಡೆಯಿಂದ ತೆಗೆದ ವಿಡಿಯೋ ಕಳಿಸಿದಳು, ಎಷ್ಟು ಛಂದ ಕಾಣತೀರಿ ಇಬ್ರೂ ಅಂತ, ಅದರಲ್ಲಿ ನಾನು ಬಗ್ಗಿ ಬಗ್ಗಿ ನೀರು ಎಳೆಯುತ್ತಿದ್ದೇನೆ, ಹಿಂದೆ ಇವನು, ಹುಟ್ಟು ಮೊಣಕಾಲಿನ ಮೇಲೆ ಅಡ್ಡ, ಒಣಗಿದ ಹುಟ್ಟು, ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ, ಚಹಾ ಕುಡಿಯುತ್ತಾ ಎಡಕ್ಕೆ ಕೈ ತೋರಿಸುತ್ತಿದ್ದಾನೆ. ಇವನಿಗೆ ತೋರಿಸಿದೆ. ನಕ್ಕ, ಒಂದ ಗಳಿಗಿ ದಣವಾರಿಸಿಕೊಂಡೇನಿ, ಅದನ್ನ ಹಿಡದಾರ ನೋಡು. ಅವತ್ತೇ ನಿಶ್ಚಯಿಸಿದೆ, ಬರುವ ಚಳಿಗಾಲ ನಾನೊಬ್ಬಳೇ, ನನ್ನದೇ ದೋಣಿ, ಎರಡು ಹಿನ್ನೀರುಗಳ ನಡುವಿನ ಗುಡ್ಡದ ಕಾಲುದಾರಿಯಲ್ಲಿಯೂ ನಾನೇ ಹೊರಬಲ್ಲಂಥದ್ದು, ತಿಂಗಳುಗಟ್ಟಲೆ ಓದಿದೆ, ಗಾಳಿ ತುಂಬುವಂಥದ್ದು ಬೇಡ, ಕಾಡಿನ ಮುಳ್ಳಿಗೆ ತಾಳದು, ಅಲ್ಯೂಮಿನಿಯಂ ಬೇಡ, ಭಾರ, ಎರಡೂ ತುದಿಗೆ ಹಲಗೆಯಿರುವ ಉದ್ದ ಹುಟ್ಟು ಇರಲಿ, ಎದುರುಗಾಳಿಗೆ ಒಳ್ಳೆಯದು, ತೊಡೆಯ ಮೇಲೆ ನೀರು ತೊಟ್ಟಿಕ್ಕಿದರೆ ತೊಟ್ಟಿಕ್ಕಲಿ, ಕನ್ನಡಿಯ ಮುಂದೆ ನಿಂತು ಟೇಪಿನಿಂದ ಕುತ್ತಿಗೆಯ ಬುಡ ಅಳೆದುಕೊಂಡೆ, ನೊಗದ ಬಾಗು ನನ್ನ ಹೆಗಲಿಗೆ ಒಪ್ಪಲಿ ಎಂದು, ಬಾಗಿಲಲ್ಲಿ ನಿಂತು ನೋಡಿದ್ದ ಇವನು, ಏನು ಹೊಲಿಸಾಕತ್ತಿ ಎಂದಿದ್ದ, ಹೇಳಿದೆ, ಸುಮ್ಮನಾದ, ಆ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆನಲ್ಲ, ಅದು ಗುಲಾಬಸಾಬನ ನಂಬರು ಹುಡುಕುವ ಮೌನವಾಗಿತ್ತು.

ಒಬ್ಬಾಕಿ ಎತ್ತಿ ನೋಡು ಮೊದ್ಲ, ಆಮ್ಯಾಲ ಕಾಳಿ ಮಾತು, ಎಂದ ಈಗ, ಗುಲಾಬಸಾಬನ ಕಡೆ ಕಣ್ಣು ಮಿಟುಕಿಸಿ. ಎತ್ತತೇನ್ರಿ, ಎಂದೆ, ಆಚಿ ದಂಡಿ ತನಕಾ ಒಬ್ಬಾಕಿನ ನಡಸ್ಕೊಂಡ ಹೋಗಿ, ಅಲ್ಲಿಂದ ಏರಿ ಮ್ಯಾಲ ಹೊತ್ತು ಟೆಂಪೋಕ್ಕ ತರತೇನಿ, ನಡುವ ಕೆಳಗಿಟ್ಟರ ನೀವು ಹೇಳಿದಂಗ, ಈ ದೋಣ್ಯಾಗ ಇಬ್ರೂ ಕೂಡೇ ಹೋಗೂಣು, ಸಾಯೂತನಕಾ. ನೀವ ಸಾಕ್ಷಿ ನೋಡ್ರಿ ಸಾಬ್, ಎಂದು ಇವನು ನಕ್ಕ, ಗುಲಾಬಸಾಬನೂ ನಕ್ಕ, ದೋಣಿಯನ್ನು ನೋಡಿದೆ, ಮತ್ತೊಮ್ಮೆ ನೋಡಿದೆ, ಮುಂದಿನ ಸೀಟು ನಡುವಿಗೆ ಹತ್ತಿರವಿದೆ, ಅಲ್ಲಿ ಕೂತವರ ಕಾಲಿಗೆ ಜಾಗ ಬೇಕಲ್ಲ, ಅದಕ್ಕಾಗಿ ತುದಿಯಿಂದ ಒಳಕ್ಕೆ ಸರಿದಿದೆ, ದೋಣಿಯ ಎರಡು ತುದಿಗಳೂ ಒಂದೇ ಆಕಾರ, ಹಾಗಾದರೆ ಮುಂದು ಎಂದರೆ ಯಾವುದು, ನಾನು ಯಾವ ಕಡೆ ಮುಖ ಮಾಡಿ ಕೂರುತ್ತೇನೋ ಅದು — ದೋಣಿಯನ್ನು ನೀರಿಗೆಳೆದು ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತೆ, ಅವನು ಕೂರಬೇಕಾಗಿದ್ದ ಸೀಟು ಈಗ ನನ್ನ ಎದುರಿಗೆ, ದೂರದಲ್ಲಿ, ಖಾಲಿ, ಅದರ ಬುಡದಲ್ಲಿ ಟೆಂಪೋದಲ್ಲಿದ್ದ ನೀರಿನ ಕ್ಯಾನನ್ನು ಕೆರೆಯ ನೀರಿನಿಂದಲೇ ಮೊದಲೇ ತುಂಬಿಸಿಟ್ಟಿದ್ದೆ, ಮೂತಿ ತಗ್ಗಿತು, ದೋಣಿ ನೀರಿನ ಮೇಲೆ ಸಮನಾಗಿ ಮಲಗಿತು. ಯಾರು ಕಲಿಸಿದರೆಂಬಂತೆ ನೋಡುತ್ತಿದ್ದ ಇವನ ಮುಖ, ಆ ಮುಖವನ್ನು ವಿಡಿಯೋ ಮಾಡಬೇಕಿತ್ತು. ಗಾಳಿ ಬಂತು, ಬರಲಿ, ಎಡ, ಬಲ, ಎಡ, ಬಲ, ತೊಡೆ ತೋಯುತ್ತಿದೆ, ಹಿಂದಿನಿಂದ ದನಿಯಿಲ್ಲ, ನೀರಿಗೆ ಇಷ್ಟು ಸದ್ದಿದೆಯೆಂದು ಗೊತ್ತಿರಲಿಲ್ಲ, ಮಿಂಚುಳ್ಳಿಯೊಂದು ಬದಿಯಲ್ಲೇ ಮುಳುಗಿ ಎದ್ದಿತು, ಎಡ, ಬಲ, ಏರಿಯ ಮೇಲೆ ಇವನು ನನ್ನ ಜೊತೆಜೊತೆಗೇ ನಡೆದು ಬರುತ್ತಿದ್ದಾನೆ, ಮೊಬೈಲು ಎತ್ತಿ ಹಿಡಿದು, ಬೀಳುವ ಗಳಿಗೆಗಾಗಿ. ಬೀಳಲಿಲ್ಲ. ಆಚೆ ದಂಡೆ.

ಕ್ಯಾನು ಬರಿದು ಮಾಡಿದೆ, ಹುಟ್ಟನ್ನು ಒಳಗೆ ಕಟ್ಟಿದೆ, ದೋಣಿಯನ್ನು ತೊಡೆಯ ಮೇಲೆ ಏರಿಸಿ, ಆಚೆಯ ಅಂಚು ಹಿಡಿದು, ಮೊಣಕಾಲಿನಿಂದ ಒಂದೇ ತಳ್ಳು, ತಲೆ ಒಳಗೆ, ನೊಗ ಹೆಗಲ ಮೇಲೆ ಧೊಪ್ಪೆಂದು — ಹಗುರ ಬೇಕೆಂದಿದ್ದೆ, ಇವನ ಸೀಟಿನ ಭಾರವನ್ನೂ ಹೊರುತ್ತಿದ್ದೇನೆ, ಬೋಲ್ಟಿನ ತಲೆ ಕುತ್ತಿಗೆಯ ಬುಡಕ್ಕೆ ಕಚ್ಚುತ್ತಿದೆ, ನಡೆ, ಮಗುಚಿದ ದೋಣಿಯೊಳಗೆ ಹಸಿರು ಕತ್ತಲೆ, ರಾಳದ ಘಾಟು, ನನ್ನದೇ ಉಸಿರು, ಆಕಾಶವಿಲ್ಲ, ಮನುಷ್ಯರಿಗೆ ಮುಖವಿಲ್ಲ, ಎದುರಿಗೆ ಕಾಣುವುದು ನಾಲ್ಕು ಮಾರು ನೆಲ ಅಷ್ಟೇ, ಆ ನೆಲದ ಮೇಲೆ ಎರಡು ಶೂ. ಇವನ ಶೂ, ಹಿಮ್ಮಡಿಯನ್ನು ತುಳಿದು ಚಪ್ಪಟೆ ಮಾಡಿ ಚಪ್ಪಲಿಯಂತೆ ಮೆಟ್ಟಿದ ಕಂದು ಶೂ, ತುದಿ ನನ್ನ ಕಡೆಗೆ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ನನ್ನ ವಿಡಿಯೋ ತೆಗೆಯುತ್ತಿದ್ದಾನೆ, ತೆಗೆಯಲಿ — ಒಮ್ಮೆಲೇ ಭಾರ ಇಳಿಯಿತು. ನೊಗ ಹೆಗಲಿನಿಂದ ಕೂದಲೆಳೆಯಷ್ಟು ಎದ್ದಿತು, ಈ ಹಗುರ ನನ್ನದಲ್ಲ, ಇವನು ಇನ್ನೊಂದು ಕೈಯಿಂದ ದೋಣಿಯ ತುದಿ ಎತ್ತಿದ್ದಾನೆ. ಕೈ ತಗೀರಿ. ಸುಮ್ಮ ಹಿಡದೇನಿ ಅಷ್ಟ. ಕೈ ತಗೀರಿ ಅಂದೆ. ಎದ್ದು ಬಿದ್ದು ಮಾಡೀ, ಗಂಡ ಹಿಡದಾ ಅಂದ್ರ ಏನ ಆಕ್ಕೈತಿ. ಆಗುವುದಿಷ್ಟು, ವಿಡಿಯೋದಲ್ಲಿ ಇವನ ಕೈ ಇರುತ್ತದೆ, ಮನೆಮನೆಗೂ ತೋರಿಸುತ್ತಾನೆ, ನಾ ಹಿಡೀಲಿಲ್ಲಂದ್ರ ಆಗತಿದ್ದಿಲ್ಲ, ಎಣ್ಣೆ ಹಚ್ಚಿದ ಹೆಗಲು, ಚಹಾದ ಮುಚ್ಚಳ, ಇಬ್ಬರೂ, ಇಬ್ಬರೂ — ಓಡಿದೆ, ಶೂಗಳೂ ಓಡಿದವು, ಹಿಂದಕ್ಕೆ, ಕೈ ಬಿಡಲಿಲ್ಲ.

ಕೆಂಪು ಮಣ್ಣು ಮುಗಿದು ಕಲ್ಲು ಬಂತು, ತೂಬಿನ ಕಲ್ಲು, ಇಲ್ಲಿ ದಾರಿ ಬಲಕ್ಕೆ ಹೊರಳುತ್ತದೆ, ನೇರಕ್ಕೆ ಮೆಟ್ಟಿಲು, ಪಾಚಿ, ಮೊಣಕಾಲುದ್ದದ ಕೆಸರು ನೀರು, ನನಗೆ ಕಾಣುತ್ತಿದೆ, ಇವನ ಬೆನ್ನಿಗೆ ಕಣ್ಣಿಲ್ಲ, ಶೂಗಳು ನೇರಕ್ಕೇ ಸರಿಯುತ್ತಿವೆ, ಒಂದು ಹೆಜ್ಜೆ, ಹೇಳಬೇಕು, ಹಿಂದ ನೋಡ್ರಿ ಎಂದರೆ ಸಾಕು, ಇನ್ನೊಂದು ಹೆಜ್ಜೆ, ಮೊನ್ನೆ ಮೊನ್ನೆಯವರೆಗೂ ದಾರಿ ಹೇಳುವವನು ಇವನಾಗಿದ್ದ, ಹೇಳಿದರೆ ನಿಲ್ಲುತ್ತಾನೆ, ನಿಂತು ಎರಡೂ ಕೈಗಳಿಂದ ಹಿಡಿಯುತ್ತಾನೆ, ಬಾಯಿ ತೆರೆದೆ, ಉಸಿರು ಮಾತ್ರ ಹೋಯಿತು, ಹಿಮ್ಮಡಿ ಅಂಚಿನ ಆಚೆ, ಗಾಳಿಯ ಮೇಲೆ — ದೋಣಿ ಒಮ್ಮೆ ಜೋಲಿ ಹೊಡೆಯಿತು. ಭಾರ ಬಂತು. ಪೂರ್ತಿ, ನನ್ನದೇ ಭಾರ, ಎರಡೂ ಹೆಗಲಿಗೆ ಸಮನಾಗಿ, ಆಹಾ, ಕಣ್ಣು ತುಂಬಿತು. ಕೆಳಗೆ ನೀರಿನ ಸದ್ದು, ಬೈಗುಳ, ಇವನು ಬದುಕಿದ್ದಾನೆ, ಬೈಯುವಷ್ಟು ಗಟ್ಟಿಯಾಗಿದ್ದಾನೆ, ಪೂನಮ್, ಕಂಡೂ ಹೇಳಲಿಲ್ಲಲಾ ನೀ, ಕಾಲು ಉಳಕೇತಿ, ಅದನ್ನ ಕೆಳಗ ಇಟ್ಟು ಕೈ ಕೊಡು. ಕೆಳಗಿಟ್ಟರೆ ಮುಗಿಯಿತು. ಬಲಕ್ಕೆ ಹೊರಳಿದರೆ ಟೆಂಪೋದ ಚಕ್ರ ಕಾಣುತ್ತಿದೆ, ಗುಲಾಬಸಾಬನ ಕಾಲುಗಳು ಓಡಿ ಬರುತ್ತಿವೆ, ಅವನು ಎತ್ತುತ್ತಾನೆ, ಅಯ್ಯೋ ಸಾಹೇಬ್ರ ಅಂತ ಅವನೇ ಎತ್ತುತ್ತಾನೆ, ಪೂನಮ್, ಎಂದ ಮತ್ತೆ, ಈ ಸಲ ಮೆಲ್ಲಗೆ, ಈ ದನಿಯಲ್ಲಿ ಎಡಕ್ಕ ಇಲ್ಲ, ಬಲಕ್ಕ ಇಲ್ಲ, ಬಲಗಾಲು ಎತ್ತಿದೆ, ದಾಟಬೇಕು, ದಾರಿಯ ನಡುವೆ ಒಂದು ಶೂ ಉಳಿದಿದೆ, ಒಂದೇ, ಒಳಗೆ ಕಾಲಿಲ್ಲ, ಎತ್ತಿದ ಹೆಜ್ಜೆ ಅದರ ಮೇಲೇ ನಿಂತಿದೆ, ಕೆಳಕ್ಕೆ ಬರುತ್ತಿಲ್ಲ, ಚಪ್ಪಟೆಯಾದ ಹಿಮ್ಮಡಿ, ಬೆವರಿನ ಕಪ್ಪು ಗುರುತು, ತುದಿ ನನ್ನ ಕಡೆಗೆ, ಶೂ, ಖಾಲಿ ಶೂ.