ಅಮ್ಮನ ಮೇಲಿನ ಮಣ್ಣು

ಆ ಹಳೇ ವ್ಯಾನಿನ ಗಲಾಟೆಯಲ್ಲಿ ಮುಂದೆ ಕೂತವರ ಮಾತು ಹಿಂದಕ್ಕೆ ಕೇಳುತ್ತಿರಲಿಲ್ಲ, ಹಿಂದಿನವರ ಮಾತು ಮುಂದಕ್ಕೆ ಕೇಳುತ್ತಿರಲಿಲ್ಲ. ಅದೇ ಒಳ್ಳೆಯದಾಗಿತ್ತು. ಓಡಿಸುತ್ತಿದ್ದವನು ಅಣ್ಣ, ಹಿಂದೆ ಕಿಟಕಿಯ ಪಕ್ಕ ಅಕ್ಕ, ಇಬ್ಬರ ನಡುವೆ ಸಿಮೆಂಟು ಚೀಲಕ್ಕೆ ಕಾಲು ಕೊಟ್ಟು ಕೂತವಳು ಕಿರಿಯವಳು.

ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ಅಣ್ಣನಿಗೂ ಅಕ್ಕನಿಗೂ ಮಾತಿಲ್ಲ. ಗಾರೆ ಕೆಲಸದ ಅಣ್ಣ ಆಸ್ಪತ್ರೆ ಕಡೆ ತಲೆ ಹಾಕಿದ್ದು ಎಲ್ಲ ಮುಗಿದ ಮೇಲೆ ಎಂದು ಅಕ್ಕ ಎಲ್ಲರೆದುರು ಅಂದಿದ್ದಳು. ನರ್ಸಾಗಿದ್ದುಕೊಂಡು ಹೆತ್ತವಳನ್ನೇ ಉಳಿಸಿಕೊಳ್ಳಲಿಲ್ಲವಲ್ಲ ಎಂದು ಅವನೂ ತಿರುಗಿ ಅಂದಿದ್ದ. ಅಲ್ಲಿಂದ ಇವರ ಮಾತೆಲ್ಲ ಕಿರಿಯವಳ ಬಾಯಿಂದಲೇ ಹಾದುಹೋಗಬೇಕು.

“ಹೇಳು ಅವಳಿಗೆ,” ಅಣ್ಣ ಕನ್ನಡಿಯಲ್ಲಿ ನೋಡುತ್ತ ಕೂಗಿದ, “ಮಹಾರಾಣಿ ಕಿಟಕಿ ಹಾಕ್ಕೊಳ್ಲಿ. ಧೂಳು.”

“ಧೂಳು ಬರ್ತಿದೆಯಂತೆ ಅಕ್ಕ.”

“ದಿನವೆಲ್ಲ ಮಣ್ಣಲ್ಲಿ ಹೊರಳೋನಿಗೆ ಧೂಳೇನು, ಕೇಳು ಅವನನ್ನ.”

ಕಿರಿಯವಳು ಮುಂದಕ್ಕೆ ಬಾಗಿದಳು. “ಅಕ್ಕಂಗೆ ಸೆಖೆ ಆಗ್ತಿದೆಯಂತೆ ಅಣ್ಣ.”

ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಗಿಳಿಯೊಂದಿತ್ತು. ಮುನಿಸಿಕೊಂಡ ಇಬ್ಬರು ರಾಣಿಯರ ನಡುವೆ ಮಾತು ಹೊರುತ್ತಿತ್ತು. ದಾರಿಯಲ್ಲಿ ಮಾತಿನ ಮುಳ್ಳನ್ನೆಲ್ಲ ತಾನೇ ನುಂಗಿ ಹಣ್ಣನ್ನು ಮಾತ್ರ ಒಪ್ಪಿಸುತ್ತಿತ್ತು. ಗಿಳಿಯ ಗಂಟಲು ಏನಾಯಿತು ಎಂದು ಕೇಳಿದರೆ ಅಜ್ಜಿ, “ಸುಮ್ಮನೆ ಮಲಗೇ,” ಎನ್ನುತ್ತಿದ್ದಳು. ಟೈಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುತ್ತ ಕೂತಾಗಲೂ ಕಿರಿಯವಳಿಗೆ ಆ ಗಂಟಲಿನದೇ ಯೋಚನೆ.

ಇಷ್ಟು ದಿನದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಒಂದೇ: ಅಮ್ಮನ ಗೋರಿಯ ಮೇಲೆ ಸಿಮೆಂಟು ಹಾಕಿ ಮುಚ್ಚಿಬಿಡುವುದು. ನಾಯಿ ಕೆದರುವುದಿಲ್ಲ, ಕಳೆ ಬೆಳೆಯುವುದಿಲ್ಲ. ಆ ಒಪ್ಪಿಗೆಯನ್ನು ಆಚೆ ಈಚೆ ಹೊತ್ತವಳೂ ಕಿರಿಯವಳೇ.

ಅಮ್ಮ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದು ಮಲಗುವವಳು. ಆಸ್ಪತ್ರೆಯಲ್ಲಿ ಹೊದಿಕೆಯನ್ನು ಕಾಲಿನಿಂದ ಒದ್ದು, “ನನ್ನ ಮೇಲೆ ಏನೂ ಹಾಕಬೇಡ ಕಣೇ, ಉಸಿರು ಕಟ್ಟುತ್ತೆ,” ಅಂದಿದ್ದಳು. ಹೊರಡುವಾಗ ಕಿರಿಯವಳು ಅದನ್ನೇ ಹೇಳಿದ್ದಕ್ಕೆ ಅಣ್ಣ ನಕ್ಕಿದ್ದ. “ಮಣ್ಣೊಳಗೆ ಯಾವ ಉಸಿರೇ ಹುಚ್ಚಿ?” ಅಕ್ಕನೂ ನಕ್ಕಿದ್ದಳು. ನಗುವುದರಲ್ಲೂ ಇಬ್ಬರೂ ಒಂದಾಗಿದ್ದರು.

ಊರಾಚೆಯ ಬಯಲಿನ ಅಂಚಿನಲ್ಲಿ ಗೋರಿ. ಮೇಲೆ ಗರಿಕೆ ಹಬ್ಬಿ, ನಡುನಡುವೆ ಯಾವುದೋ ಕಳೆ ಸಣ್ಣ ಹಳದಿ ಹೂವು ಬಿಟ್ಟಿತ್ತು. ಅಕ್ಕ ಕೂತು ಅದನ್ನು ಬೇರುಸಹಿತ ಕಿತ್ತು ಎಸೆಯತೊಡಗಿದಳು. ಅಣ್ಣ ಗೇಟಿನ ಬಳಿಯ ನಲ್ಲಿಯ ಹತ್ತಿರ ತಗಡು ಹಾಸಿ ಸಿಮೆಂಟು, ಮರಳು ಕಲಸಿದ.

“ಹೇಳು ಅವಳಿಗೆ, ಬೇಗ ಮುಗಿಸಲಿ ಅಂತ. ಈ ಬಿಸಿಲಿಗೆ ಗಾರೆ ಗಟ್ಟಿಯಾಗಿಬಿಡುತ್ತೆ.”

ಕಿರಿಯವಳು ಗೋರಿಯವರೆಗೆ ನಡೆದಳು. ಕಿತ್ತ ಹೂವು ಕಾಲಿಗೆ ಸಿಕ್ಕಿತು. ಗಂಟಲಲ್ಲಿ ಏನೋ ಚುಚ್ಚಿತು.

“ಅಕ್ಕ, ಅಣ್ಣ ಹೇಳ್ತಿದ್ದಾನೆ, ಅಮ್ಮನ ಕೈಗೆ ಸೂಜಿ ಚುಚ್ಚಿ ಚುಚ್ಚಿ ಕಳಿಸಿದ ಕೈಯಿಂದ ಗೋರಿ ಮುಟ್ಟಬೇಡ ಅಂತ.”

ಅಕ್ಕನ ಕೈ ನಿಂತಿತು. “ಅವನು? ಹೀಗಂದನಾ? ಹೆಗಲು ಕೊಡೋಕ್ಕೂ ಕುಡಿದು ಬಂದೋನು?”

ಕಿರಿಯವಳು ನಲ್ಲಿಯ ಬಳಿಗೆ ವಾಪಸು ಬಂದಳು. “ಅಣ್ಣ, ನೀನು ಹಾಕಿದ ನೆಲ ಯಾವುದೂ ಒಂದು ಮಳೆಗಾಲ ತಡೆದಿಲ್ಲವಂತೆ. ಅಮ್ಮನ ಮೇಲಾದರೂ ಬಿರುಕು ಬಿಡದ ಹಾಗೆ ಹಾಕೋನಿದ್ದರೆ ಹಾಕಲಿ ಅಂದಳು.”

ಅವನು ಕೈಯಲ್ಲಿದ್ದ ಕರಣೆಯನ್ನು ಗಾರೆಯೊಳಗೆ ಕುಕ್ಕಿದ. ಅಷ್ಟು ದಿನದ ಮೌನವನ್ನು ಅಣ್ಣ ದಾಪುಗಾಲು ಹಾಕಿ ದಾಟಿ ಗೋರಿಯೆದುರು ನಿಂತ.

“ಯಾರ ನೆಲ ಬಿರುಕು ಬಿಟ್ಟಿದೆ, ಹೇಳೇ?”

“ಯಾರ ಕೈ ಮುಟ್ಟಬಾರದು, ಹೇಳೋ?”

ಆಮೇಲೆ ಹಳೆಯದೆಲ್ಲ ಹೊರಬಂತು. ಆಸ್ಪತ್ರೆ ಬಂತು, ಕುಡಿತ ಬಂತು, ಅಮ್ಮ ಯಾರಿಗೆ ಹೆಚ್ಚು ಬಡಿಸುತ್ತಿದ್ದಳು ಎಂಬುದೂ ಬಂತು. ಬಿಸಿಲು ನೆತ್ತಿಗೇರಿ ಇಳಿಯತೊಡಗಿತು. ಇಬ್ಬರ ಗಂಟಲೂ ಒಣಗಿದ ಹೊತ್ತಿಗೆ ಅಕ್ಕ ಕೇಳಿದಳು, “ಸೂಜಿ ವಿಷಯ ಯಾಕೆ ಎತ್ತಿದೆ ನೀನು?”

“ಯಾವ ಸೂಜಿ? ನೆಲದ ಮಾತು ನೀನಲ್ಲವಾ ಎತ್ತಿದ್ದು?”

ಇಬ್ಬರೂ ಒಟ್ಟಿಗೆ ತಿರುಗಿದರು. ಕಿರಿಯವಳು ಗೋರಿಯ ಮೇಲೆ ಬಗ್ಗಿ, ಕಿತ್ತ ಗರಿಕೆಯನ್ನು ಮತ್ತೆ ಮಣ್ಣಿಗೆ ಒತ್ತುತ್ತಿದ್ದಳು.

“ಇವಳು! ಹೆತ್ತ ತಾಯಿ ತಲೆ ಹತ್ತಿರ ನಿಂತು ಸುಳ್ಳು ಹೇಳಿದಳಲ್ಲೋ!” ಅಕ್ಕ ಚೀರಿದಳು.

ಅಣ್ಣ ನಲ್ಲಿಯ ಕಡೆ ಓಡಿದ. ತಗಡಿನ ಮೇಲೆ ಗಾರೆ ಕಲ್ಲಾಗಿತ್ತು. ಕರಣೆ ಅದರೊಳಗೆ ಅರ್ಧ ಹೂತು ನಿಂತಿತ್ತು. ಎಳೆದರೂ ಬರಲಿಲ್ಲ.

“ಮತ್ತೆ ಬರ್ತೀವಿ,” ಎಂದ ಅವನು, ಹಲ್ಲು ಕಚ್ಚಿ. “ಈ ಪೀಡೇನ ಬಿಟ್ಟು.”

“ಬನ್ನಿ. ನೀವು ಹಾಕಿ ಹೋದ ಮಾರನೇ ದಿನ ನಾನು ಬಂದು ಒಡೀತೀನಿ.”

ಕಿರಿಯವಳಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತು. ಅಣ್ಣ ಕೈ ಎತ್ತಿದ; ಅಕ್ಕ ಅದನ್ನು ಹಿಡಿದಳು. ತಂಗಿಯನ್ನು ಬಿಡಿಸಲು ಅಲ್ಲ, “ಇವಳಿಗೆ ಹೊಡೆದು ನಿನ್ನ ಕೈ ಯಾಕೆ ಹೊಲಸು ಮಾಡ್ಕೋತೀಯ,” ಎನ್ನಲು.

ಹೋಗುವಾಗ ಅಕ್ಕ ಮುಂದೆ, ಅಣ್ಣನ ಪಕ್ಕ ಕೂತಳು. ಹಿಂದೆ ಕಿಟಕಿಯ ಪಕ್ಕ ಕಿರಿಯವಳೊಬ್ಬಳೇ, ಉಗುರಿನಲ್ಲಿ ಗೋರಿಯ ಮಣ್ಣು. ವ್ಯಾನಿನ ಸದ್ದಿನಲ್ಲಿ ಅವರ ಮಾತು ಕೇಳಿಸಲಿಲ್ಲ, ತುಟಿಗಳಷ್ಟೇ ಕಂಡವು. ಅಣ್ಣ ಕನ್ನಡಿಯಲ್ಲಿ ಇವಳನ್ನೇ ದಿಟ್ಟಿಸುತ್ತ ಬಹಳ ಹೊತ್ತು ಏನೇನೋ ಅಂದ. ಅಕ್ಕ ಹಿಂದಕ್ಕೆ ತಿರುಗಿ ಕೂಗಿದ್ದು ಇಷ್ಟೇ:

“ಧೂಳಂತೆ. ಕಿಟಕಿ ಹಾಕ್ಕೋಬೇಕಂತೆ ನೀನು.”

ಕಿರಿಯವಳು ಅಕ್ಕನ ಗಂಟಲನ್ನೇ ನೋಡಿದಳು. ಕಿಟಕಿ ಹಾಕಲಿಲ್ಲ.