ವಿನಿಫ್ರೆಡ್ ಮೇಡಂ ಕೇಳುವ ಬಾಲ

ಇಬ್ಬರನ್ನು ಅಣ್ಣತಮ್ಮಂದಿರೆಂದು ಯಾರಾದರೂ ಪರಿಚಯಿಸಿದರೆ, ವಿನಿಫ್ರೆಡ್ ಮೇಡಂ ನಮಸ್ಕಾರಕ್ಕೆ ಮೊದಲು ಅವರ ಕಿವಿಗಳನ್ನು ನೋಡುತ್ತಾರೆ. ಹೆಸರು, ಮನೆತನ, ಜೆಪ್ಪುವಿನ ಇಗರ್ಜಿಯ ದಾಖಲೆ ಯಾವುದೂ ಅವರಿಗೆ ಪೂರ್ಣ ಸಾಕ್ಷ್ಯವಲ್ಲ, ದೇಹವೂ ಹೌದೆನ್ನಬೇಕು. ಮದುವೆಮನೆಯಲ್ಲಿ ಇದು ತಮಾಷೆ. ಅವರ ಕೈಕೆಳಗೆ ದುಡಿಯುವವನಿಗೆ ಕಠಿಣ ಸಜೆ.

ಆ ಸಜಾಬಂಧಿ ನಾನು, ಇಲ್ಯಾಸ್. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ., ಕಾಲೇಜಿನ ಲ್ಯಾಬಿನಲ್ಲಿ ಗುತ್ತಿಗೆಯ ಸಹಾಯಕ. ದೋಣಿಗಳು ಮೀನಿಳಿಸುವ ದಕ್ಕೆಯಿಂದ ಮೀನು ತಂದು, ಅದರ ಹೊಟ್ಟೆಯ ದುಂಡುಹುಳುಗಳನ್ನು ಹೆಕ್ಕಿ, ಯಾವುದು ಯಾವುದರ ದಾಯಾದಿ ಎಂದು ವಂಶವೃಕ್ಷ ಬರೆಯುವ ಘನಕಾರ್ಯ. “ಇಷ್ಟು ಓದಿ ಮೀನು ಕ್ಲೀನ್ ಮಾಡುದಾ? ಅದಾದ್ರೆ ನಮ್ಮ ಅಡುಗೆಮನೆಯಲ್ಲೇ ಕೆಲಸ ಉಂಟು,” ಎಂದಿದ್ದಳು ಅಕ್ಕ ನಾಝಿಮಾ.

ಬಲಗಾಲನ್ನು ತುಸು ಎಳೆಯುತ್ತ, ಗುಂಡಿ ಉದುರಿದಲ್ಲಿ ಸೇಫ್ಟಿ ಪಿನ್ನು ಚುಚ್ಚಿದ, ಸ್ಪಿರಿಟ್ಟಿನ ವಾಸನೆ ಬಿಡದ ಬಿಳಿ ಕೋಟಿನಲ್ಲಿ ಮೇಡಂ ಬರುವಾಗ, ಅವರಿಗಿಂತ ಮೊದಲು ಅವರ ಪ್ರಶ್ನೆ ಬಾಗಿಲು ದಾಟುತ್ತಿತ್ತು: “ಬಾಲ ಎಲ್ಲಿ?” ಅವರ ವಿಧಿ ಅಚಲ. ಪ್ರತಿ ಹುಳುವೂ ಮೂರು ತುಂಡು. ತಲೆ, ಬಾಲ ಸೂಕ್ಷ್ಮದರ್ಶಕದ ಕೆಳಗೆ, ನಡುತುಂಡು ಮಾತ್ರ ಡಿಎನ್‌ಎ ತೆಗೆಯಲು. ಬಾಲದ ಮೇಲಿನ ಸಣ್ಣ ಉಬ್ಬುಗಳ ಸಾಲೇ ಹುಳುವಿನ ಜಾತಿಯ ಗುರುತು.

ಸುರತ್ಕಲ್ ಬಸ್ಸು ಹಿಡಿಯುವ ಆತುರದಲ್ಲಿ ಒಂದು ಸಂಜೆ ಹದಿನೇಳನೆಯ ಹುಳುವನ್ನು ಡಿಎನ್‌ಎಗೆಂದು ಇಡಿಯಾಗಿಯೇ ಅರೆದುಬಿಟ್ಟೆ. ನನ್ನ ಗ್ರಹಚಾರಕ್ಕೆ, ವಂಶವೃಕ್ಷದಲ್ಲಿ ಅದೊಂದೇ ಯಾವ ಬಳಗಕ್ಕೂ ತಾಗದೆ ಪ್ರತ್ಯೇಕ ಕೊಂಬೆಯಾಗಿ ನಿಂತಿತು! ಹೊಸ ಪ್ರಭೇದ, ಅದರ ಮೇಲೊಂದು ಲೇಖನ, ಮಾರ್ಚಿಗೆ ಮುಗಿಯುವ ಗುತ್ತಿಗೆಗೆ ಇನ್ನೆರಡು ವರ್ಷ. ನಾನು ಮನಸ್ಸಿನಲ್ಲೇ ಬಿರಿಯಾನಿ ಹಂಚಿಯೂ ಆಗಿತ್ತು.

“ಬಾಲ ಎಲ್ಲಿ?”

“ಅರೆದುಹೋಯ್ತು ಮೇಡಂ. ಆದ್ರೆ ಜೀನ್ ಕ್ಲಿಯರ್ ಉಂಟಲ್ಲ?”

“ಯಾರಿಗೂ ಹೊಂದುದಿಲ್ಲ ಅಂತ ಮಾತ್ರ ಜೀನ್ ಹೇಳಿದ್ದು. ಹೊಸ ಹುಳು ಅಂತ ಹೇಳಿದ್ದು ನೀನು ಮಾರಾಯ.”

ಪೆನ್ಸಿಲಿನ ಒಂದೇ ಗೀರಿಗೆ ನನ್ನ ಕೊಂಬೆ ಬಿತ್ತು. “ಇನ್ನೊಂದು ಹುಡುಕಿ ತಾ,” ಎಂದರು.

ಹದಿನೇಳನೆಯದು ಸಿಕ್ಕಿದ್ದು ಅಂಜಲ್ ಮೀನಿನ ಹೊಟ್ಟೆಯಲ್ಲಿ. ಎರಡು ತಿಂಗಳು ದಕ್ಕೆಯಲ್ಲಿ ಅದರ ಕರುಳು ಬೇಡಿದೆ. “ಹುಳದ ಭಾಯಿ ಬಂದ್ರು, ಚಂದದ ಮೀನು ಅಡಗಿಸಿ!” ಎಂದು ಮೀನಿನ ಹೆಂಗಸರು ನಗುತ್ತಿದ್ದರು. ಮಾರ್ಚಿನ ಕೊನೆಯ ವಾರ ಸಿಕ್ಕಿತು. ಈ ಸಲ ಮೂರು ತುಂಡು ಮಾಡಿದೆ. ಜೀನ್ ಹದಿನೇಳನೆಯದರದ್ದೇ. ಬಾಲವೋ, ನೂರು ವರ್ಷದ ಹಿಂದೆ ಯಾರೋ ಬರೆದಿಟ್ಟ ಚಿತ್ರಕ್ಕೆ ಉಬ್ಬಿಗೆ ಉಬ್ಬು ಹೊಂದಿತು. ಹಳೆಯ ಹುಳುವೇ. ಅದರ ಜೀನನ್ನು ಈವರೆಗೆ ಯಾರೂ ಓದಿರಲಿಲ್ಲ, ಅಷ್ಟೆ.

ಮೇಡಂ ಗೆದ್ದ ನಗೆಯನ್ನಾದರೂ ನಕ್ಕಿದ್ದರೆ ಸಿಟ್ಟಾಗಬಹುದಿತ್ತು. ಚಿಮಟ ತೊಳೆದಿಟ್ಟು, “ಮರ್ಯಾದೆ ಉಳಿಯಿತು ನೋಡು,” ಎಂದರು. ಕೆಲಸ ಉಳಿಯಲಿಲ್ಲ.

ಈಗ ಬೈಕಂಪಾಡಿಯ ಒಂದು ಕಂಪನಿಯಲ್ಲಿ ರಫ್ತಿನ ಮೀನು ಪರೀಕ್ಷಿಸಿ ಸಹಿ ಹಾಕುತ್ತೇನೆ. ಮೇಲಿನ ಪೆಟ್ಟಿಗೆ ನೋಡಿದರೆ ಸಾಕೆನ್ನುತ್ತಾರೆ. ಹಾಳಾದ ಕೈ ಅಡಿಯದನ್ನೂ ತೆರೆಯದೆ ಪೆನ್ನು ಮುಟ್ಟುವುದಿಲ್ಲ. “ಎಂತ ಮಾರಾಯ, ಲಾರಿ ಕಾಯ್ತಾ ಉಂಟು!” ಎಂದು ಸೂಪರ್‌ವೈಸರ್ ಮೆಲ್ವಿನ್ ರೇಗುತ್ತಾನೆ. ವಿನಿಫ್ರೆಡ್ ಮೇಡಂ ತರಹದವರ ಉಪದ್ರವವೇ ಇದು. ಅವರಿಂದ ಕಳೆದುಹೋದ ಕೆಲಸ ಹೇಗೋ ಇನ್ನೊಂದು ಕಡೆ ಸಿಗುತ್ತದೆ. ಅರೆಬರೆ ನೋಡಿ ಸಹಿ ಹಾಕುವ ಸುಖ ಮಾತ್ರ ಒಮ್ಮೆ ಅವರು ಕಿತ್ತುಕೊಂಡರೆ ಮತ್ತೆ ಯಾವ ಕಂಪನಿಯಲ್ಲೂ ಸಿಗುವುದಿಲ್ಲ.